ಬುಧವಾರ ಹತ್ತು ಗಂಟೆಗೆ ಒಯ್ದ ಸ್ಯಾಂಪಲ್ಲು

ನನ್ನ ಅಕ್ಕ ಮುಶಿಗೇರಿಯ ಹೊಲದ ಮನೆಯಲ್ಲಿ ಮಗನ ಜೊತೆ ಇದ್ದಳು. ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ ಮೇಲೆ ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ರೋಣದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕಿತ್ತು. ಎಂಟೂವರೆಗೆ ಯಂತ್ರ ಅವಳಿಗೆ ಸಿಗುತ್ತಿತ್ತು. ನಾನು ಗಜೇಂದ್ರಗಡದಿಂದ ಆರೂವರೆಗೆ ಜೀಪು ಹೊರಡಿಸುತ್ತಿದ್ದೆ. ಒಂದು ದಿನವೂ ಆರೂ ಮೂವತ್ತೈದು ಮಾಡಿದವನಲ್ಲ. ಗಂಟೆ ಹೊಡೆದಾಗ ಏಳುವ, ಗಂಟೆ ಹೊಡೆದಾಗ ಉಣ್ಣುವ ಬೋರ್ಡಿಂಗಿನಲ್ಲಿ ಓದಿದವನು ನಾನು. ಆಮೇಲೆ ಕಾಲುವೆ ಕೆಲಸದಲ್ಲಿ ಮೂವತ್ತು ವರ್ಷ ಹಾಜರಿ ಹಾಕಿದವನು.

ಮಳೆಗಾಲದಲ್ಲಿ ಅವಳ ಮನೆಯಿಂದ ಡಾಂಬರು ರಸ್ತೆಯವರೆಗಿನ ಎರೆಮಣ್ಣಿನ ದಾರಿ ಹಿಟ್ಟಿನ ಮುದ್ದೆಯಂತಾಗುತ್ತದೆ. ಬೈಕು ನಿಲ್ಲುತ್ತದೆ, ಕಾರು ಹೂಳುತ್ತದೆ. ನಾಲ್ಕೂ ಗಾಲಿ ಎಳೆಯುವ ನನ್ನ ಜೀಪು ಮಾತ್ರ ದಾಟುತ್ತಿತ್ತು. ನಿವೃತ್ತನಾದ ವರ್ಷ ಹರಾಜಿನಲ್ಲಿ ಹಿಡಿದ ಗಾಡಿ ಅದು. ಕೆಲವೇ ದಿನ ತಯಾರಿಸಿ, ಯಾರೂ ಕೊಳ್ಳುವುದಿಲ್ಲವೆಂದು ಕಂಪನಿ ಕೈಬಿಟ್ಟ ಮಾದರಿ. ಮುಂದಿನ ಗಾಲಿಯನ್ನು ಅಚ್ಚಿಗೆ ಕಚ್ಚಿಸಲು ಅದರಲ್ಲಿ ಬಳೆಯಂಥ, ಹಲ್ಲುಗಳಿರುವ ಒಂದು ಉಕ್ಕಿನ ತುಂಡು ಇರುತ್ತದೆ. ನಮ್ಮ ಮಿಸ್ತ್ರಿ ಅದಕ್ಕೆ ಲಾಕ್ ಅನ್ನುತ್ತಾನೆ. ಆ ಲಾಕಿನ ಹಲ್ಲು ಸವೆದು ಮುಂದಿನ ಗಾಲಿ ಜಾರತೊಡಗಿತು. ಹೊಸದು ಎಲ್ಲಿಯೂ ಇಲ್ಲ.

“ಮುಂದಿನ ಮಳಿಗಾಲ ಇದು ತಡಿಯೂದಿಲ್ರಿ ಸಾಹೇಬ್ರ,” ಅಂದ ಮಿಸ್ತ್ರಿ. ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದೆ ಅವನ ಗ್ಯಾರೇಜು. ಅವನ ಅಪ್ಪನೂ ನನ್ನ ಇಲಾಖೆಯ ಗಾಡಿಗಳನ್ನು ರಿಪೇರಿ ಮಾಡಿದವನು.

ಅಕ್ಕನಿಗೆ ಹೇಳಿದರೆ ನಕ್ಕಳು. “ನನ್ನ ಕಿಡ್ನಿಗಾದ್ರ ಒಂದು ಮಷಿನ್ ಐತಿ. ನಿನ್ನ ಗಾಡಿಗೆ ಅದೂ ಇಲ್ಲಲ್ಲೋ ತಮ್ಮಾ!”

ಬಿಡಿಭಾಗ ಮಾಡುವ ಕಾರ್ಖಾನೆಗಳಿಗೆ ಪ್ರತಿ ಮಂಗಳವಾರ ಪತ್ರ ಬರೆದೆ. ಉತ್ತರ ಬರಲಿಲ್ಲ. ಕೊನೆಗೆ ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಗೆ ಖುದ್ದಾಗಿ ಹೋದೆ. ಅಲ್ಲಿಯ ಮ್ಯಾನೇಜರು ಒಳ್ಳೆಯ ಮನುಷ್ಯ, ಆದರೆ ವ್ಯಾಪಾರಸ್ಥ.

“ಅಜ್ಜಾರ, ಓಡೂ ಗಾಡಿ ಸಾಮಾನ ಮಾಡಿದ್ರ ದಿನಾ ಹೋಗ್ತಾವ್ರಿ. ನಿಮ್ಮವು ಯಾರ ಹಿತ್ತಲದಾಗ ಅದಾವೋ ಏನೋ. ಇಪ್ಪತ್ತು ಮಂದಿ ಬೇಕು ಅಂತ ಬರದು ಕೊಡ್ಲಿ, ನೋಡೂಣು.”

ಇಪ್ಪತ್ತು ಮಂದಿಗಾಗಿ ಹುಡುಕಿದೆ. ರೋಣ, ನರಗುಂದ, ಸೂಡಿ, ಒಂದು ಊರು ಬಿಡಲಿಲ್ಲ. ಶಿರೋಳದಲ್ಲಿ ಒಂದು ಜೀಪಿನೊಳಗೆ ಕೋಳಿ ಕಾವು ಕೂತಿತ್ತು. ಅದರ ಮಾಲಕ ನನ್ನ ಕೈಯ ನೋಟ್‌ಬುಕ್ ನೋಡಿ ಬಾಗಿಲಲ್ಲೇ ತಡೆದ. “ಟ್ಯಾಕ್ಸ್ ವಸೂಲಿಯವರೇನ್ರಿ? ಗಾಡಿ ನಂದಲ್ಲರಿ, ಕೋಳಿ ಅಷ್ಟ ನನ್ನವು.” ನರಗುಂದದ ಎಣ್ಣೆ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಒಂದು ಗಾಡಿ ಕೊಂಡ ವರ್ಷದಿಂದ ನಿಂತೇ ಇತ್ತು. ಅವರು ಸಹಿ ಹಾಕಿದರು. ಅಲೆದಾಡಿ, ನನ್ನದೂ ಸೇರಿ ಒಟ್ಟು ಹನ್ನೆರಡು ಸಹಿ ಆದವು.

ಹನ್ನೆರಡನ್ನೇ ಹಿಡಿದು ಪ್ರತಿ ಬುಧವಾರ ಹತ್ತು ಗಂಟೆಗೆ ಹುಬ್ಬಳ್ಳಿಯ ಆ ಕಾರ್ಖಾನೆಯ ಬೆಂಚಿನ ಮೇಲೆ ಕೂತೆ. ಐದನೇ ಬುಧವಾರ ಮ್ಯಾನೇಜರು ಕೈಮುಗಿದರು. “ಅಜ್ಜಾರ, ನೀವು ಬಂದ್ರ ನಮ್ಮ ಮಂದಿ ಚಾ ಟೈಮ್ ಆತು ಅಂತ ಮಷಿನ್ ಬಂದ್ ಮಾಡಾಕತ್ಯಾರ್ರಿ. ಆತು, ಮಾಡಿ ಕೊಡ್ತೀನಿ. ಡ್ರಾಯಿಂಗ್ ಇಲ್ಲ, ಸ್ಯಾಂಪಲ್ ಹ್ಯಾಂಗ ಐತಿ ಹಂಗ ಮಾಡ್ತೀವಿ. ಒಂದು ತಂದು ಕೊಡ್ರಿ.”

ಮುಂದಿನ ಬುಧವಾರ ಹತ್ತಕ್ಕೆ ತರುತ್ತೇನೆ ಎಂದು ಬರೆದುಕೊಟ್ಟೆ.

ಮಂಗಳವಾರ ಸಂಜೆ ಮಿಸ್ತ್ರಿ ನನ್ನ ಜೀಪಿನ ಲಾಕ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ. ಕೈಯಲ್ಲಿ ತಿರುಗಿಸಿ ನೋಡಿ, ಕೊಡಲಿಲ್ಲ.

“ಇದು ಸವದೈತ್ರಿ. ಇದನ್ನ ಒಯ್ಯೂದು ಬ್ಯಾಡ. ನರಗುಂದದ ಗೋದಾಮಿನ ಗಾಡಿ ಓಡೇ ಇಲ್ಲ, ಅದರ ಲಾಕ್ ಹೊಸಾದು ಇದ್ದಂಗ. ಗೋದಾಮಿನ ಸೇಠಜಿ ಊರಾಗಿಲ್ಲ, ಶುಕ್ರವಾರ ಬರ್ತಾರ. ನಮಾಜ್ ಮುಗಿಸಿ ನಾನ ಹೋಗಿ ಬಿಚ್ಚಿಕೊಂಡು ಬರ್ತೀನಿ. ಎರಡ ದಿನ ತಡೀರಿ.”

“ಬುಧವಾರ ಹತ್ತಕ್ಕ ಅಂತ ಬರದು ಕೊಟ್ಟೇನಿ, ಮಿಸ್ತ್ರಿ.”

“ಫೋನ್ ಮಾಡಿ ಹೇಳ್ರಿ. ಏನ ಆಕ್ಕೈತಿ?”

“ಒಮ್ಮೆ ಟೈಮ್ ತಪ್ಪಿದ್ರ ನಮ್ಮನ್ನ ಯಾರ ನಂಬ್ತಾರ?”

ಅವನು ಕೈ ಒರೆಸಿಕೊಂಡ. ಲಾಕನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟ. ಮರುದಿನ ಹತ್ತಕ್ಕೆ ಐದು ನಿಮಿಷ ಮೊದಲೇ ನಾನು ಕಾರ್ಖಾನೆಯ ಬಾಗಿಲಲ್ಲಿದ್ದೆ.

ಕಾರ್ಖಾನೆಯವರು ಮಾತಿಗೆ ತಪ್ಪಲಿಲ್ಲ. ಸ್ಯಾಂಪಲ್ಲಿನ ಹಲ್ಲು ಎಷ್ಟು ತೆಳ್ಳಗಿತ್ತೋ ಅಷ್ಟೇ ತೆಳ್ಳಗೆ, ಹೊಳೆಯುವ ಉಕ್ಕಿನಲ್ಲಿ ಹನ್ನೆರಡು ಮಂದಿಗೂ ಲಾಕ್‌ಗಳನ್ನು ಮಾಡಿ ಕಳಿಸಿದರು. ಹುಟ್ಟುವಾಗಲೇ ಸವೆದಿದ್ದವು. ಮಿಸ್ತ್ರಿ ಕೂಡಿಸಿ, ಅಲುಗಾಡಿಸಿ ನೋಡಿದ. “ಒಳಗ ಸಡ್ಲಾಗಿ ಆಡ್ತಾವ್ರಿ,” ಅಂದ. ನಾನು ಗ್ಯಾರೇಜಿನ ಅಂಗಳದಲ್ಲಿ ನಾಲ್ಕು ಸುತ್ತು ಹೊಡೆದೆ. ಒಣ ನೆಲದಲ್ಲಿ ಗಾಡಿ ಎಳೆಯಿತು. ಸಾಕು ಅಂದೆ.

ಮಳೆ ಹಿಡಿದ ಮೂರನೇ ದಿನ, ಗುರುವಾರ, ಅಕ್ಕನನ್ನು ಕೂರಿಸಿಕೊಂಡು ಎರೆಗೆ ಇಳಿದೆ. ಅರ್ಧ ದಾರಿಯಲ್ಲಿ ಕಟಕಟ ಸದ್ದಾಯಿತು. ಮುಂದಿನ ಗಾಲಿ ನಿಂತವು, ಹಿಂದಿನವು ಗುಂಡಿ ತೋಡಿದವು. ಅಕ್ಕ ಸೆರಗಿನಿಂದ ಗಾಜು ಒರೆಸಿ ಹೊರಗೆ ನೋಡಿದಳು. ಅವಳ ಕಾಲು, ಮುಖ ಆಗಲೇ ಊದಿದ್ದವು.

“ಗಡಿಯಾರ ಯಾಕ ನೋಡ್ತಿ? ಅದೇನ ಬಂದು ನೂಕ್ತೈತೇನು?” ಅಂದಳು.

ಅವಳ ಮಗ ಟ್ರ್ಯಾಕ್ಟರ್ ತಂದು ಎಳೆಯುವಷ್ಟರಲ್ಲಿ ಟ್ರ್ಯಾಕ್ಟರೂ ಹೂತಿತು. ಊರಿಂದ ಇನ್ನೊಂದು ಬಂತು. ರೋಣ ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಯಂತ್ರದಲ್ಲಿ ಬೇರೆಯವರಿದ್ದರು, ಅವರೂ ಇಂಥವರೇ. ಅವರನ್ನು ಬಿಡಿಸಿ ಎಂದು ಕೇಳಲಾಗುವುದಿಲ್ಲ. ಕಾಯುವ ಬೆಂಚಿನ ಮೇಲೆಯೇ ಅಕ್ಕನಿಗೆ ಉಸಿರು ಕಟ್ಟತೊಡಗಿತು. ದಾದಿ ಓಡಿ ಬಂದಳು, ಡಾಕ್ಟರು ಬಂದರು, ಗಾಳಿಯ ಮಾಸ್ಕ್ ಹಾಕಿದರು. ಯಂತ್ರ ಖಾಲಿಯಾದಾಗ ಅವಳಿಗೆ ಅದು ಬೇಕಾಗಿರಲಿಲ್ಲ.

ಮಣ್ಣಾದ ಮೇಲಿನ ಎರಡನೇ ಶುಕ್ರವಾರ ಮಿಸ್ತ್ರಿ ಮನೆಗೆ ಬಂದ. ನನ್ನನ್ನು ಕೇಳದೆ ನರಗುಂದಕ್ಕೆ ಹೋಗಿ ಗೋದಾಮಿನ ಗಾಡಿಯ ಲಾಕ್ ಬಿಚ್ಚಿಕೊಂಡು ಬಂದಿದ್ದ. “ಉಳದ ಹನ್ನೊಂದು ಮಂದಿ ಅದಾರಲ್ರಿ,” ಅಂದ.

ಬುಧವಾರ ಇಬ್ಬರೂ ಹುಬ್ಬಳ್ಳಿಗೆ ಹೋದೆವು. ಮ್ಯಾನೇಜರು ಮೊದಲಿನ ಸ್ಯಾಂಪಲ್ಲನ್ನೂ ಗೋದಾಮಿನ ಲಾಕನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಅಳತೆ ಹಿಡಿದು ನೋಡಿದರು. ಉಗುರಿನ ದಪ್ಪದಷ್ಟು ವ್ಯತ್ಯಾಸ.

“ಅಯ್ಯ, ಮೊದಲ ಇದನ್ನ ಯಾಕ ತರಲಿಲ್ರಿ ಅಜ್ಜಾರ?”

ನಾನು ಬಾಯಿ ತೆರೆಯುವ ಮೊದಲೇ ಮಿಸ್ತ್ರಿ ಅಂದ, “ಓಡದ ಗಾಡಿ ಒಂದೈತಿ ಅಂತ ಆವಾಗ ನಮಗ ಗೊತ್ತಿರಲಿಲ್ರಿ.”

ಮ್ಯಾನೇಜರು ಹೌದೆಂದು ತಲೆಯಾಡಿಸಿ ಚಹಾ ತರಿಸಿದರು. ನಾನು ಆ ಮಾತನ್ನು ತಿದ್ದಲಿಲ್ಲ. ಚಹಾ ಕುಡಿದೆ.