ಶನಿವಾರದ ಪಟ್ಟಿ

ಅವರ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿಹೋಗಿತ್ತು. ಹಾನಗಲ್ಲಿನ ಆ ಖಾಸಗಿ ದವಾಖಾನೆಯಲ್ಲಿ ಇಪ್ಪತ್ತು ವರ್ಷ ರಟ್ಟಿನ ಕಾರ್ಡುಗಳನ್ನು ಮಗುಚಿ ಮಗುಚಿ ಆದದ್ದು. ರೋಗಿಯ ಊರು, ಹೆಸರು ಹೇಳಿದರೆ ಸಾಕು, ಆ ಬೆರಳು ಮರದ ಖಾನೆಗೆ ಇಳಿದು ಕಾರ್ಡು ಹಿಡಿದೇ ಮೇಲೆ ಬರುತ್ತಿತ್ತು. ಎಲ್ಲರೂ ಅವರನ್ನು ರೆಕಾರ್ಡ್ ಮಾಸ್ತರು ಎನ್ನುತ್ತಿದ್ದರು.

ಎಂಬತ್ತರ ದಶಕದ ನಡುವಿನಲ್ಲಿ ಯಾರೋ ದಾನಿಗಳು ದವಾಖಾನೆಗೊಂದು ಕಂಪ್ಯೂಟರ್ ಕೊಟ್ಟರು. ಐವತ್ತು ದಾಟಿದ ಮಾಸ್ತರು ಹುಬ್ಬಳ್ಳಿಗೆ ಹೋಗಿ ಒಂದೂವರೆ ತಿಂಗಳು ಕಲಿತು ಬಂದರು. ಸವಣೂರಿನಿಂದ ಬಂದು ಹೊಸದಾಗಿ ಗುಮಾಸ್ತನಾಗಿ ಸೇರಿದ್ದ ನನಗೆ ಅವರೇ ಕಲಿಸಿದರು. ರೋಗಿಗಳ ವಿವರ ಬಂದ ಸರದಿಯಲ್ಲೇ ಮಷೀನಿಗೆ ಸೇರುತ್ತಿತ್ತು. ಯಾರ ವಿವರ ಎಲ್ಲಿದೆ ಎಂದು ತೋರಿಸುವುದಕ್ಕೆ ಬೇರೆಯದೇ ಒಂದು ಪಟ್ಟಿ, ಅಂದರೆ ಇಂಡೆಕ್ಸ್. ಅದನ್ನು ಪ್ರತಿ ಶನಿವಾರ ಹೊಸದಾಗಿ ಕಟ್ಟಬೇಕಿತ್ತು. ಅಲ್ಲಿಯವರೆಗೆ ಆ ವಾರದವರ ವಿವರ ಬರೆದ ಚೀಟಿಗಳು, ಕೈಯಿಂದ ಹುಡುಕಲು ಸಿಗಲೆಂದು, ಮೇಜಿನ ಮೇಲೆಯೇ ಇರುತ್ತಿದ್ದವು. ಪಟ್ಟಿ ಕಟ್ಟಿದ ಮೇಲೆ ಕಪಾಟಿಗೆ ಹೋಗುತ್ತಿದ್ದವು.

ವಯಸ್ಸಿಗೊಂದು, ಉದ್ಯೋಗಕ್ಕೊಂದು ಪಟ್ಟಿ ಮಾಡೋಣ ಎಂದು ಡಾಕ್ಟರು ಹೇಳಿದಾಗ ಮಾಸ್ತರು ಒಪ್ಪಲಿಲ್ಲ. ಜನ ಬಂದು ಕೇಳುವುದು ಊರು, ಹೆಸರು. ಪಟ್ಟಿ ಹೆಚ್ಚಿದಷ್ಟೂ ವಿವರ ತುಂಬುವ ಕೆಲಸ ನಿಧಾನವಾಗುತ್ತದೆ ಎಂದರು. ಪಟ್ಟಿ ಕಟ್ಟಿದ ಮೇಲೆ ಮೂರು ಹೆಸರು ಹುಡುಕಿ ನೋಡುತ್ತಿದ್ದರು: ಎಲ್ಲಕ್ಕಿಂತ ಹಳೆಯದು, ನಡುವಿನದು, ನಿನ್ನೆಯದು. ಎಲ್ಲವನ್ನೂ ಎರಡು ಫ್ಲಾಪಿಗೆ ನಕಲು ಮಾಡಿ, ಒಂದನ್ನು ಹಿಂದಿನ ವಾರಗಳದ್ದರ ಜೊತೆ ಕಪಾಟಿನಲ್ಲಿಟ್ಟು, ಇನ್ನೊಂದನ್ನು ಬುತ್ತಿಚೀಲದಲ್ಲಿಟ್ಟುಕೊಂಡು ಆಡೂರಿನ ತಮ್ಮ ಮನೆಗೆ ಒಯ್ಯುತ್ತಿದ್ದರು. ನನಗೆ ಪದೇ ಪದೇ ಹೇಳುತ್ತಿದ್ದದ್ದು ಒಂದೇ ಮಾತು: "ಪಟ್ಟಿ ಹಳೇದಿದ್ರ ಮಷೀನು ಸಿಗಲಿಲ್ಲ ಅಂತೈತಿ. ನೀ ಅದನ್ನ ಇಲ್ಲ ಅಂತ ತಿಳೀಬ್ಯಾಡ, ತಮ್ಮಾ."

ಒಂದು ಶನಿವಾರ ಪಟ್ಟಿ ಕಟ್ಟುವ ಕೆಲಸ ನನಗೆ ವಹಿಸಿ ಅವರು ಬೇಗ ಹೊರಟರು. ಮರುದಿನ ಊರಲ್ಲಿ ನನಗೆ ಹೆಣ್ಣು ನೋಡುವುದಿತ್ತು. ಪಟ್ಟಿ ಕಟ್ಟಲು ಮುಕ್ಕಾಲು ತಾಸು ಬೇಕು. ಅಷ್ಟರಲ್ಲಿ ಸವಣೂರಿಗೆ ಹೋಗಲು ಹಿಡಿಯಬೇಕಿದ್ದ ಶಿಗ್ಗಾಂವಿಯ ಬಸ್ಸು ಹೋಗಿಬಿಡುತ್ತಿತ್ತು. ಸೋಮವಾರ ಬೆಳಿಗ್ಗೆ ಬೇಗ ಬಂದು ಕಟ್ಟಿದರಾಯಿತು ಎಂದುಕೊಂಡು, ಫ್ಲಾಪಿಗೆ ನಕಲು ಮಾಡಿ, ಚೀಟಿಗಳನ್ನು ಕಪಾಟಿಗೆ ಹಾಕಿ ಹೊರಟೆ.

ಸೋಮವಾರ ಬಸ್ಸು ತಡವಾಯಿತು. ನಾನು ಬರುವಷ್ಟರಲ್ಲಿ ಮಷೀನು ತಕರಾರು ಮಾಡಿತ್ತು, ಮಾಸ್ತರು ಕಪಾಟಿನ ಫ್ಲಾಪಿಯಿಂದ ಪಟ್ಟಿಯನ್ನು ಮರಳಿ ಹಾಕಿ ಮುಗಿಸಿದ್ದರು. ಆಗಲೇ ಚಿಕ್ಕೇರೂರಿನ ಒಬ್ಬ ಹೆಣ್ಣುಮಗಳನ್ನು ಅವಳ ಮೈದುನ ಕರೆತಂದ. ಕಾಲಿನ ಗಾಯ ಕೀವಾಗಿ, ಜ್ವರದಲ್ಲಿ ಅವಳಿಗೆ ಮಾತು ನಿಂತಿತ್ತು. ಮೊದಲು ಬಂದಿದ್ದಳೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ನಾನು ಹುಡುಕಿದೆ. ಸಿಗಲಿಲ್ಲ. ಗಡಿಬಿಡಿಯಲ್ಲಿ, ಪಟ್ಟಿ ಕಟ್ಟಿಲ್ಲವೆಂಬುದನ್ನೇ ಮರೆತು, ಇಲ್ಲ ಎಂದು ಡಾಕ್ಟರಿಗೆ ಹೇಳಿದೆ. ಅವರು ಪೆನಿಸಿಲಿನ್ ಕೊಟ್ಟರು. ಕಾಲು ತಾಸಿನಲ್ಲಿ ಅವಳ ಮೈಯೆಲ್ಲ ಬಾತು ಉಸಿರು ಕಟ್ಟಿತು. ನಾಲ್ಕು ದಿನ ಸಾವು ಬದುಕಿನ ನಡುವೆ ಇದ್ದು, ಕೊನೆಗೆ ಉಳಿದಳು.

ಹಿಂದಿನ ವಾರವಷ್ಟೇ ಅವಳು ಬಂದುಹೋಗಿದ್ದಳು. ಪೆನಿಸಿಲಿನ್ ಒಗ್ಗುವುದಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದ ಅವಳ ಚೀಟಿಯನ್ನು ಮಾಸ್ತರು ಕಪಾಟಿನಿಂದ ತೆಗೆದು ಕೈಯಲ್ಲಿ ಹಿಡಿದು ನಿಂತರು.

"ಶನಿವಾರ ಪಟ್ಟಿ ಕಟ್ಟಿದ್ಯೇನು, ತಮ್ಮಾ?"

"ಕಟ್ಟೇನ್ರಿ."

ಅವರು ನಂಬಿದರು. ನಂಬಿದ್ದರಿಂದಲೇ ತಪ್ಪನ್ನು ತಮ್ಮಲ್ಲಿ ಹುಡುಕಿದರು. ತಾವು ಹಾಕಿದ್ದು ಅದಕ್ಕೂ ಹಿಂದಿನ ವಾರದ ಫ್ಲಾಪಿ ಇರಬೇಕು, ಯಾವುದನ್ನು ಹಾಕಿದೆನೆಂಬುದು ನೆನಪಿಗೇ ಬರುತ್ತಿಲ್ಲ ಎಂದು ಡಾಕ್ಟರ ಮುಂದೆ ಹೋಗಿ ಒಪ್ಪಿಕೊಂಡರು. ನಾನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ.

ಆಮೇಲೆ ಅವರು ತಮ್ಮ ತಲೆಯನ್ನೇ ನಂಬುವುದು ಬಿಟ್ಟರು. ಹಾಕಿದ ಕೀಲಿಯನ್ನು ಬಸ್‌ಸ್ಟ್ಯಾಂಡಿನಿಂದ ತಿರುಗಿ ಬಂದು ಜಗ್ಗಿ ನೋಡುತ್ತಿದ್ದರು. ಸಹಿ ಮಾಡಿದ ಕಾಗದವನ್ನು ಮತ್ತೆ ಕೇಳುತ್ತಿದ್ದರು. ನೆನಪು ಕೈಕೊಡುತ್ತಿದೆ ಎಂದು ಆರು ತಿಂಗಳಲ್ಲಿ ತಾವಾಗಿಯೇ ಕೆಲಸ ಬಿಟ್ಟರು. ಅವರ ಕುರ್ಚಿ ನನಗೆ ಸಿಕ್ಕಿತು.

ಆ ಸೋಮವಾರದಿಂದ ಮೂರು ವರ್ಷದ ಮೇಲೆ ಆಡೂರಿಗೆ ಹೋದೆ. ಮಾಸ್ತರು ಪಡಸಾಲೆಯಲ್ಲಿ ಕೂತಿದ್ದರು, ಅವರ ಹೆಂಡತಿ ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದರು. ದಾರಿ ಮರೆತೇನೆಂಬ ಹೆದರಿಕೆಗೆ ಇವರು ಈಗ ಒಬ್ಬರೇ ಎಲ್ಲಿಗೂ ಹೋಗುವುದಿಲ್ಲ ಎಂದು ಆ ತಾಯಿ ಹೇಳಿದರು. ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ಮಾಸ್ತರು ಇನ್ನೊಮ್ಮೆ ಹೇಳು ಎಂದರು. ಹೇಳಿದೆ.

"ಹಂಗಾದ್ರ ನಾ ಫ್ಲಾಪಿ ಅದಲಬದಲ ಮಾಡಿದ್ದಿಲ್ಲ?"

"ಇಲ್ರಿ. ನೀವು ಹಾಕಿದ್ದು ಸರೀನ ಇತ್ರಿ."

ಬೈಗುಳಕ್ಕಾಗಿ ತಲೆ ತಗ್ಗಿಸಿ ಕಾದೆ. ಅವರು ಹೆಂಡತಿಯ ಕಡೆ ತಿರುಗಿದರು. ಮುಖ ಅರಳಿತ್ತು. "ಕೇಳಿದೇನ? ನಾ ಮರ್ತಿದ್ದಿಲ್ಲಂತ."

ಆ ತಾಯಿ ಮೊರ ಕೆಳಗಿಟ್ಟು ನನ್ನನ್ನು ಒಮ್ಮೆ ನೋಡಿ ಒಳಗೆ ಹೋದರು.

ಮರುವರ್ಷ ಮಾಸ್ತರು ತೀರಿಕೊಂಡರು. ಆ ಕೊನೆಯ ವರ್ಷ ಅವರು ಹಾನಗಲ್ಲಿನ ಸಂತೆಗೆ ಮತ್ತೆ ಒಬ್ಬರೇ ಬಂದುಹೋಗುತ್ತಿದ್ದರಂತೆ. ಅದಕ್ಕೂ ಹಿಂದಿನ ಮೂರು ವರ್ಷ ಅವರಿಂದ ಕಸಿದುಕೊಂಡವನು ನಾನು.