ಅತ್ತೆಗೆ ಬೇಕಿದ್ದ ಕೆಳಗಿನ ರೂಮು

ಅವಳನ್ನು ಬೀದಿಯವರೆಲ್ಲ ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ಲಾಂಡ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ನಿಂತು, ಬೆಳಗಿನಿಂದ ಸಂಜೆಯವರೆಗೆ ಊರಿನವರ ಅಂಗಿಗಳ ಸುಕ್ಕು ಬಿಡಿಸುವುದು ಅವಳ ಕೆಲಸ. ಬಾಯಿ ಸತ್ತವಳು ಎಂದು ಹೆಸರು. ಗುಂಡಿ ಕಿತ್ತುಹೋಗಿದೆ ಎಂದು ಗಿರಾಕಿ ಕೂಗಾಡಿದರೆ ಸುಮ್ಮನೆ ಸೂಜಿ ದಾರ ಕೈಗೆತ್ತಿಕೊಳ್ಳುತ್ತಿದ್ದಳು. ಅಂಗಿ ಬರುವಾಗಲೇ ಗುಂಡಿ ಇರಲಿಲ್ಲ ಎಂದು ಹೇಳುತ್ತಿರಲಿಲ್ಲ.

ಹೇಳುವ ಕೆಲಸ ಗಂಡನದಾಗಿತ್ತು. ಅವನು ನಲ್ಲಿ, ಪೈಪು, ಪಂಪು ರಿಪೇರಿ ಮಾಡುವವನು. ಊರಿಗೆಲ್ಲ ನಲ್ಲಿ ಅಣ್ಣ. ಅಂಗಡಿಯವನು ಕೆಟ್ಟ ಬಲ್ಬು ಕೊಟ್ಟರೆ, ಆಸ್ಪತ್ರೆಯಲ್ಲಿ ಸರದಿ ತಪ್ಪಿಸಿದರೆ, ಕೌಂಟರಿಗೆ ಮೊಣಕೈ ಊರಿ ನಿಲ್ಲುತ್ತಿದ್ದ. "ಆಯ್ತು. ಈಗ ಏನ್ ಮಾಡ್ತೀರಿ, ಹೇಳಿ" ಎನ್ನುತ್ತಿದ್ದ. ಆಮೇಲೆ ತುಟಿ ಬಿಚ್ಚುತ್ತಿರಲಿಲ್ಲ. ಎದುರಿನವರು ಏನಾದರೂ ಮಾಡುವ ತನಕ ಅಲ್ಲಿಂದ ಅಲ್ಲಾಡುತ್ತಲೂ ಇರಲಿಲ್ಲ. ಅವಳು ಹಿಂದೆ ನಿಂತು, ನಾಚಿಕೆಯಿಂದ ಹಿಡಿಯಷ್ಟಾಗಿ, ಅವನ ಅಂಗಿಯ ತುದಿ ಜಗ್ಗುತ್ತಿದ್ದಳು. "ಬನ್ರೀ, ಸಾಕು. ಎಲ್ಲಾ ನೋಡ್ತಿದಾರೆ." ಜಗ್ಗಿ ಜಗ್ಗಿ ಅವನ ಅಂಗಿಗಳೆಲ್ಲ ಹಿಂದೆ ಒಂದೇ ಕಡೆ ಮುದುಡಿಕೊಂಡಿರುತ್ತಿದ್ದವು. ಮನೆಗೆ ಬಂದು ಆ ಮುದುಡು ತೆಗೆಯುವವಳೂ ಅವಳೇ.

ಕಳೆದ ಚಳಿಗಾಲದಲ್ಲಿ ಅವನು ಸತ್ತ. ಎದೆ ನೋಯುತ್ತಿದೆ ಎಂದ, ಕೂತ, ಹೋದ. ಅಷ್ಟೆ.

ಅವನ ಫೋನು ಉಳಿಯಿತು. ಅದಕ್ಕೆ ದಿನಾ ಕರೆ ಬರುತ್ತಿತ್ತು. ಯಾರದೋ ನಲ್ಲಿ ಸೋರುತ್ತಿದೆ, ಯಾರದೋ ಪಂಪು ನೀರೆತ್ತುತ್ತಿಲ್ಲ. ಮೊದಲ ವಾರ ಒಂದು ಕರೆ ಎತ್ತಿದ್ದಳು. "ಅಣ್ಣನ್ನ ಸ್ವಲ್ಪ ಕಳಿಸಿಕೊಡಿ" ಎಂದರು. ಅವಳು ಫೋನು ಇಟ್ಟುಬಿಟ್ಟಳು. ಅಲ್ಲಿಂದೀಚೆಗೆ ಎತ್ತಿದವಳಲ್ಲ. ಆದರೆ ಚಾರ್ಜು ಹಾಕುವುದನ್ನು ಬಿಡಲಿಲ್ಲ. ಹೊರಗೆ ಹೊರಟರೆ ತನ್ನ ಫೋನಿನ ಜೊತೆ ಅದನ್ನೂ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಅದು ಕೂಗುವಷ್ಟು ಹೊತ್ತು ಕೂಗಿ ಸುಮ್ಮನಾಗುತ್ತಿತ್ತು.

"ಯಜಮಾನ ಇಲ್ಲದ ಮನೆ ನಾಯಿ ಹಂಗೆ ಬೊಗಳುತ್ತೆ ಅದು" ಎನ್ನುತ್ತಿದ್ದಳು ಅತ್ತೆ. "ಒಂದೋ ಎತ್ತು, ಇಲ್ಲಾ ಅದರ ಬಾಯಿ ಮುಚ್ಚು."

ಅವಳು ಎರಡನ್ನೂ ಮಾಡಲಿಲ್ಲ.

ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎದುರಿಗೆ ನಿಂತವರು ಗಂಡಸೋ ಹೆಂಗಸೋ ಎನ್ನುವುದು ದನಿಯಿಂದ ಗೊತ್ತಾಗಬೇಕು. ಮಂಡಿ ಬೇರೆ ಹಿಡಿದುಕೊಂಡು ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಬಾಯಿಗೆ ಮಾತ್ರ ಯಾವ ರೋಗವೂ ಇರಲಿಲ್ಲ. ದೊಡ್ಡ ಪಟ್ಟಣದ ಕಣ್ಣಾಸ್ಪತ್ರೆಯಲ್ಲಿ ಒಂದು ಕಣ್ಣಿನ ಆಪರೇಷನ್ನಿಗೆ ದಿನ ಸಿಕ್ಕಿತ್ತು. ಬೆಳಗಿನ ಜಾವವೇ ಅಲ್ಲಿರಬೇಕು, ತಪ್ಪಿದರೆ ಮುಂದಿನ ಸರದಿ ಮುಂದಿನ ವರ್ಷ ಎಂದಿದ್ದರು. ಅದಕ್ಕೇ ಸೊಸೆ ಆಸ್ಪತ್ರೆಯ ಹಿಂದಿನ ಬೀದಿಯ ಹೋಟೆಲಿಗೆ ಫೋನು ಮಾಡಿ, ಎರಡು ರಾತ್ರಿಗೆ ಕೆಳಗಿನ ರೂಮು ಕೇಳಿದಳು. ಕೆಳಗಡೆಯದೇ ಆಗಬೇಕು ಎಂದು ಎರಡು ಸಲ ಹೇಳಿದಳು. ಬಾಡಿಗೆ ಪೂರ್ತಿ ಮುಂಗಡ ಕಳಿಸಿದಳು. ರಾತ್ರಿ ಎಂಟರವರೆಗೂ ರೂಮು ನಿಮಗೇ ಇಟ್ಟಿರುತ್ತೇವೆ ಎಂದು ಅವರು ಹೇಳಿದರು. ನಂಬರ್ ಕೇಳಿದರು. ಅವಳಿಗೆ ಬಾಯಿಗೆ ಬರುತ್ತಿದ್ದದ್ದು ಒಂದೇ ನಂಬರು, ಗಂಡನದು. ಅದನ್ನೇ ಕೊಟ್ಟಳು.

ಹೊರಟ ದಿನ ಬಸ್ಸಿನಲ್ಲಿ ಚೀಲದೊಳಗೆ ಫೋನು ಬೊಗಳಿತು. ನಿಂತಿತು. ಮತ್ತೆ ಬೊಗಳಿತು. ಪಕ್ಕದ ಸೀಟಿನವನು ತಿರುಗಿ ನೋಡಿದ. ಅವಳು ಚೀಲದ ಮೇಲೆ ಸ್ವೆಟರು ಮುಚ್ಚಿ, ಕಿಟಕಿಯ ಹೊರಗೆ ನೋಡುತ್ತ ಕೂತಳು.

ಹೋಟೆಲು ಮುಟ್ಟಿದಾಗ ಇನ್ನೂ ಬೆಳಕಿತ್ತು. ಗಾಜಿನ ಬಾಗಿಲು, ಒಳಗೊಂದು ಹಳೇ ಸೋಫಾ, ಕೌಂಟರಿನ ಹಿಂದೆ ಕನ್ನಡಕ ಹಣೆಗೇರಿಸಿಕೊಂಡ ಮ್ಯಾನೇಜರು. ಅವನು ಕಂಪ್ಯೂಟರು ನೋಡಿದ, ಇವರನ್ನು ನೋಡಿದ, ಮತ್ತೆ ಕಂಪ್ಯೂಟರು ನೋಡಿದ. ಅವನ ಮುಖ ಹುಳ್ಳಗಾಯಿತು.

"ಮೇಡಂ, ರೂಮು ಇಲ್ವಲ್ಲ. ಯಾವುದೋ ಕಂಪನಿ ಮೀಟಿಂಗ್‌ನವರು ಬಂದು ಎಲ್ಲಾ ತಗೊಂಡ್ಬಿಟ್ರು."

"ನಾವು ಪೂರ್ತಿ ದುಡ್ಡು ಕೊಟ್ಟಿದೀವಿ."

"ಇದೆ ಇದೆ, ನಿಮ್ಮ ದುಡ್ಡು ಎಲ್ಲೂ ಹೋಗಲ್ಲ. ವಾಪಸ್ ಹಾಕಿಸ್ತೀನಿ. ನೋಡಿ, ಬರ್ತೀರೋ ಇಲ್ವೋ ಕೇಳೋಣ ಅಂತ ಮಧ್ಯಾಹ್ನ ಎರಡು ಸಲ ಫೋನ್ ಮಾಡಿದೆ. ನೀವು ಎತ್ತಲೇ ಇಲ್ಲ."

ಬಸ್ಸಿನಲ್ಲಿ ಬೊಗಳಿದ್ದು ಇದೇ. ಕೈ ತಾನಾಗಿ ಚೀಲ ಎತ್ತಿಕೊಂಡಿತು. ತಪ್ಪು ತನ್ನದೇ. ಇನ್ನೇನು ಮಾತು. ಹೊರಗೆ ಬಂದು ಬೇರೆ ಕಡೆ ವಿಚಾರಿಸುವುದು. ಸಿಗದಿದ್ದರೆ ಆಸ್ಪತ್ರೆಯ ಗೇಟಿನ ಹತ್ತಿರ ಕೂರುವುದು. ಅತ್ತೆಯನ್ನು ರಾತ್ರಿಯೆಲ್ಲ ಕಲ್ಲಿನ ಮೇಲೆ ಕೂರಿಸಿ ಬೆಳಿಗ್ಗೆ ಆಪರೇಷನ್ನಿಗೆ ಕರೆದೊಯ್ದರೆ ಡಾಕ್ಟರು ಮುಟ್ಟುವರೋ ಇಲ್ಲವೋ.

ಬೆನ್ನಿಗೆ ಏನೋ ಚುಚ್ಚಿತು. ಅತ್ತೆಯ ಬೆರಳು.

"ಏನಂತೆ?"

"ರೂಮಿಲ್ವಂತೆ ಅತ್ತೆ. ನಡೀರಿ, ಬೇರೆ ಕಡೆ ನೋಡೋಣ."

"ಎಲ್ಲಿಗೆ ನಡೀಲಿ? ನನ್ನ ಮಂಡಿ ಆಗಲೇ ಬಸ್‌ಸ್ಟ್ಯಾಂಡಲ್ಲೇ ನಿಂತುಬಿಟ್ಟಿದೆ, ನಾನೊಬ್ಬಳೇ ಬಂದಿದೀನಿ ಇಲ್ಲಿಗೆ." ಬೆರಳು ಮತ್ತೆ ಚುಚ್ಚಿತು. "ಕೇಳೇ. ಬಾಯಿಲ್ವಾ ನಿಂಗೆ?"

ಇಷ್ಟು ವರ್ಷ ಅವಳು ಹಿಂದೆ ನಿಂತು ಜಗ್ಗಿದವಳು. ಈಗ ಹಿಂದಿನಿಂದ ನೂಕುವವರಿದ್ದರು, ಮುಂದೆ ಯಾರೂ ಇರಲಿಲ್ಲ. ಅವಳು ಚೀಲವನ್ನು ಕೌಂಟರಿನ ಮೇಲಿಟ್ಟಳು. ಒಳಗಿಂದ ಗಂಡನ ಫೋನು ತೆಗೆದು ಅದರ ಪಕ್ಕದಲ್ಲಿಟ್ಟಳು.

"ಫೋನ್ ಬಂತು ಸಾರ್. ಎತ್ತಲಿಲ್ಲ. ಇದು ನಮ್ಮ ಯಜಮಾನರದು. ಅವರು ತೀರಿಕೊಂಡ್ರು."

ಹೇಳಿಬಿಟ್ಟಳು. ಮನೆಗೆ ಬಂದವರಿಗೆ ಅದನ್ನೆಲ್ಲ ಅತ್ತೆಯೇ ಹೇಳಿದ್ದಳು. ಇವಳ ಬಾಯಿಂದ ಆ ಮಾತು ಬಂದದ್ದು ಇದೇ ಮೊದಲು. ಮ್ಯಾನೇಜರು ಕನ್ನಡಕವನ್ನು ಹಣೆಯಿಂದ ಇಳಿಸಿದ. ಬೇರೇನೂ ಆಗಲಿಲ್ಲ. ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

"ಫೋನ್ ಎತ್ತದೇ ಇದ್ದಿದ್ದು ನನ್ನ ತಪ್ಪು" ಎಂದಳು. "ಎಂಟರವರೆಗೂ ಇಡ್ತೀವಿ ಅಂದವರು ಮಧ್ಯಾಹ್ನಕ್ಕೇ ಕೊಟ್ಟಿದ್ದು ನಿಮ್ಮ ತಪ್ಪು. ಬೆಳಿಗ್ಗೆ ನಮ್ಮತ್ತೆ ಕಣ್ಣಿನ ಆಪರೇಷನ್ ಇದೆ. ಮೆಟ್ಟಿಲು ಹತ್ತಲ್ಲ ಅವರು. ಈಗ ಏನ್ ಮಾಡ್ತೀರಿ, ಹೇಳಿ."

ಮೊಣಕೈ ಕೌಂಟರಿಗೆ ಊರಿದಳು. ಊರಿದ ಮೇಲೆ ತಿಳಿಯಿತು, ಧೈರ್ಯಕ್ಕಲ್ಲ ಊರುವುದು. ಕೆಳಗೆ ಕಾಲು ನಡುಗುತ್ತಿದ್ದವು. ಗಂಡ ಹೀಗೆ ನಿಂತಾಗಲೆಲ್ಲ ಅವಳು ನೋಡಿದ್ದು ಅವನ ಬೆನ್ನು ಮಾತ್ರ. ಅವನ ಕಾಲೂ ನಡುಗುತ್ತಿದ್ದವೋ ಏನೋ, ಯಾರಿಗೆ ಗೊತ್ತು. ಕೇಳೋಣ ಎಂದರೆ ಅವನಿಲ್ಲ.

"ದುಡ್ಡು ವಾಪಸ್ ಅಂದ್ನಲ್ಲ ಮೇಡಂ."

ಅವಳು ಮಾತಾಡಲಿಲ್ಲ.

"ಮೂರನೇ ಮಹಡಿಯಲ್ಲಿ ಒಂದು ಸಣ್ಣ ರೂಮ್ ಇದೆ. ಸಾಮಾನು ಇಡೋದು. ಕ್ಲೀನ್ ಮಾಡಿಸಿಕೊಡಬಹುದು. ಲಿಫ್ಟ್ ಕೆಟ್ಟಿದೆ, ಅದೊಂದು."

ಅವಳು ಆಗಲೂ ಮಾತಾಡಲಿಲ್ಲ.

ಅಷ್ಟರಲ್ಲಿ ಅತ್ತೆ ತಡಕಾಡುತ್ತ ಸೋಫಾ ಹುಡುಕಿಕೊಂಡಿದ್ದಳು. ಚಪ್ಪಲಿ ಬಿಟ್ಟಳು, ಕಾಲು ಮೇಲೆತ್ತಿಕೊಂಡಳು, ಟವೆಲು ಮಡಚಿ ತಲೆಯಡಿ ಇಟ್ಟುಕೊಂಡಳು. "ಬಾರೇ, ಕಣ್ಣಿಗೆ ಹನಿ ಹಾಕೋ ಹೊತ್ತಾಯ್ತು" ಎಂದು ಕೂಗಿದಳು. ಸೊಸೆ ಹೋಗಿ ಹನಿ ಹಾಕಿದಳು. ಅತ್ತೆ ಕಣ್ಣು ಮುಚ್ಚಿಕೊಂಡು ಅಲ್ಲೇ ಮಲಗಿದಳು, ತನ್ನ ಮನೆಯ ಜಗಲಿ ಎನ್ನುವ ಹಾಗೆ.

ಗಾಜಿನ ಬಾಗಿಲು ತೆರೆದು ಗಂಡ ಹೆಂಡತಿ ಇಬ್ಬರು ಪೆಟ್ಟಿಗೆ ಎಳೆದುಕೊಂಡು ಒಳಗೆ ಬಂದರು. ಚಕ್ರದ ಸದ್ದಿಗೆ ಅತ್ತೆ ಕತ್ತೆತ್ತಿದಳು.

"ರೂಮಿಗೆ ಬಂದ್ರಾ? ದುಡ್ಡು ಕೊಟ್ಟಿದ್ದೀರಾ? ಹಂಗಾದ್ರೆ ಮೊದಲು ರೂಮಿದೆಯಾ ಕೇಳ್ಕೊಳಿ. ನಾವೂ ಕೊಟ್ಟಿದ್ವಿ. ಸೋಫಾ ಕೊಟ್ಟಿದಾರೆ. ಮೆತ್ತಗಿದೆ, ಸುಳ್ಳು ಹೇಳಬಾರದು."

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಜ್ಜಿ, ಸ್ವಲ್ಪ ಮೆಲ್ಲಗೆ" ಎಂದ ಮ್ಯಾನೇಜರು.

"ನೀನು ಎಲ್ಲಿದೀಯೋ ನಂಗೆ ಕಾಣಲ್ಲ ಕಣಪ್ಪಾ. ದೂರದವರಿಗೆ ಕೇಳಿಸೋ ಹಂಗೇ ಮಾತಾಡೋದು ನಾನು."

ಮೊದಲಾಗಿದ್ದರೆ ಸೊಸೆ ಓಡಿಹೋಗಿ ಅತ್ತೆಯ ಬಾಯಿ ಮುಚ್ಚಿಸುತ್ತಿದ್ದಳು. ಈ ಸಲ ಅವಳಿಗೆ ನಗು ಬಂತು. ಅದನ್ನು ಮ್ಯಾನೇಜರಿಗೆ ಕಾಣದ ಹಾಗೆ ನುಂಗಿಕೊಂಡು, ಕೌಂಟರಿಗೆ ವಾಪಸು ಬಂದು ಮೊಣಕೈ ಊರಿದಳು.

ಪೆಟ್ಟಿಗೆಯವರೂ ಆ ಮೀಟಿಂಗಿನವರೇ. ಮ್ಯಾನೇಜರು ಅವರಿಗೆ ಇಟ್ಟಿದ್ದ ರೂಮಿನ ಬೀಗದ ಕೈ ಕೊಟ್ಟು ಕಳಿಸಿದ. ನಾಲ್ಕು ಕಡೆ ಫೋನು ಮಾಡಿದ. ಒಂದು ಕಡೆ ರೂಮಿತ್ತು, ಮೇಲಿತ್ತು. ಒಂದು ಕಡೆ ಕೆಳಗಿತ್ತು, ಊರಾಚೆ ಇತ್ತು. ಕೊನೆಗೆ ಫೋನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತ.

"ಇನ್ನೊಂದು ಲಾಡ್ಜ್ ಇದೆ" ಎಂದ. "ಪಕ್ಕದ ಬೀದೀಲೇ. ಆಸ್ಪತ್ರೆ ಗೇಟಿಗೆ ಎದುರು. ಎಲ್ಲಾ ಕೆಳಗಿನ ರೂಮುಗಳೇ."

"ಹಂಗಾದ್ರೆ ಅಲ್ಲಿ ಕೇಳಿ."

"ನನ್ನ ಷಡ್ಕಂದು. ನಂಗೂ ಅವನಿಗೂ ಮಾತಿಲ್ಲ. ಎರಡು ವರ್ಷ ಆಯ್ತು."

ಹೆಂಡತಿಯ ತಂಗಿಯ ಗಂಡ ಎಂದರೆ ಒಂದೇ ಮನೆಯ ಅಳಿಯ. ಅವನಿಗೆ ಫೋನು ಮಾಡಲಾರದೆ ನಿಂತವನನ್ನು ನೋಡಿ ಅವಳಿಗೆ ಪಾಪ ಅನ್ನಿಸಿತು. ಪಾಪ ಅನ್ನಿಸಿತೆಂದು ಮೊಣಕೈ ತೆಗೆಯಲಿಲ್ಲ.

"ಮಾಡಿ ಸಾರ್" ಎಂದಳು. "ಒಂದ್ಸಲ ಬಾಯಿ ಬಿಡೋದು ಕಷ್ಟ. ಆಮೇಲೆ ಏನೂ ಆಗಲ್ಲ."

ಅವನು ಬೆನ್ನು ತಿರುಗಿಸಿ ಫೋನು ಮಾಡಿದ. "ನಾನು" ಎಂದ. ಆ ಕಡೆಯಿಂದ ಏನೂ ಕೇಳಿಸಲಿಲ್ಲ. "ನಾನೇ ಕಣಯ್ಯ, ಇನ್ಯಾರು" ಎಂದ. ಆಮೇಲೆ ಮಾತು ಇಳಿದನಿಯಲ್ಲಿ ಬಹಳ ಹೊತ್ತು ನಡೆಯಿತು. ನಡುವೆ ಒಂದು ಸಲ ನಕ್ಕ ಕೂಡ. ತಿರುಗಿದಾಗ ಅವನ ಮುಖದಲ್ಲಿ ಗೆಲುವಿತ್ತು.

"ಇದೆ. ಬಾಗಿಲು ತೆಗೆದ್ರೆ ರಸ್ತೆ, ಒಂದು ಮೆಟ್ಟಿಲೂ ಇಲ್ಲ. ಬಾಡಿಗೆ ಇಲ್ಲಿಗಿಂತ ಜಾಸ್ತಿ."

"ಜಾಸ್ತಿದು ನೀವು ಕೊಡಬೇಕು."

"ಕೊಡ್ತೀನಿ."

"ಅಲ್ಲಿಗೆ ಹೋಗೋಕೆ ಟ್ಯಾಕ್ಸಿ. ಬೆಳಿಗ್ಗೆ ಆಸ್ಪತ್ರೆ ಬಾಗಿಲವರೆಗೂ ಟ್ಯಾಕ್ಸಿ."

"ಆಸ್ಪತ್ರೆ ಎದುರಿಗೇ ಇದೆ ಮೇಡಂ, ರಸ್ತೆ ದಾಟಿದ್ರೆ..."

ಅವಳು ಸುಮ್ಮನಾದಳು.

"ಆಯ್ತು, ಟ್ಯಾಕ್ಸಿ."

"ನಮ್ಮನ್ನ ಇಷ್ಟು ಹೊತ್ತು ಕಾಯಿಸಿದ್ದಕ್ಕೆ ಒಂದು ರಾತ್ರಿ ಬಾಡಿಗೆ ವಾಪಸ್ ಕೊಡಬೇಕು."

ಇದು ತನ್ನ ಬಾಯಿಂದ ಬಂತೇ ಎಂದು ಅವಳಿಗೇ ಅನುಮಾನವಾಯಿತು. ಮ್ಯಾನೇಜರು ತಲೆ ಕೆರೆದುಕೊಂಡ. ಮಾಲೀಕರನ್ನು ಕೇಳಬೇಕು ಎಂದ. ಕೇಳಿ ಎಂದಳು. ಕೇಳಿದ. ಅರ್ಧಕ್ಕೆ ಒಪ್ಪಿದರು. ಅವಳು ಸೋಫಾದ ಕಡೆ ನೋಡಿದಳು. ಅತ್ತೆ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಗಂಡನಾಗಿದ್ದರೆ ಪೂರ್ತಿಗೇ ಪಟ್ಟು ಹಿಡಿಯುತ್ತಿದ್ದ. ಅವಳಿಗೆ ಅರ್ಧ ಸಾಕಾಯಿತು.

"ಬೆಳಿಗ್ಗೆ ಟ್ಯಾಕ್ಸಿ ಬಂದಾಗ ಫೋನ್ ಮಾಡ್ತೀನಿ" ಎಂದ ಮ್ಯಾನೇಜರು. "ಎತ್ತೋ ನಂಬರ್ ಒಂದು ಕೊಡಿ."

ತನ್ನ ನಂಬರು ಅವಳಿಗೆ ಬಾಯಿಗೆ ಬರುತ್ತಿರಲಿಲ್ಲ. ಫೋನಿನ ಹಿಂದೆ ಚೀಟಿ ಅಂಟಿಸಿತ್ತು, ಅದನ್ನು ನೋಡಿ ಹೇಳಬೇಕು. ಚೀಲಕ್ಕೆ ಕೈ ಹಾಕಿದವಳು ಹಾಗೇ ತೆಗೆದಳು.

"ಅದೇ ಇರಲಿ. ಎತ್ತುತ್ತೀನಿ" ಎಂದಳು.

ಷಡ್ಕನ ಲಾಡ್ಜಿನ ರೂಮಿಗೆ ನಿಜವಾಗಿಯೂ ಮೆಟ್ಟಿಲಿರಲಿಲ್ಲ. ಎರಡು ಮಂಚ, ಒಂದು ಕುರ್ಚಿ, ಕಿಟಕಿಯಾಚೆ ಆಸ್ಪತ್ರೆಯ ಗೇಟಿನ ದೀಪ. ಹಾಸಿಗೆಯ ಬಟ್ಟೆಗೆ ಸರಿಯಾಗಿ ಇಸ್ತ್ರಿ ಆಗಿರಲಿಲ್ಲ. ನೋಡಿಯೂ ನೋಡದ ಹಾಗೆ ಬಿಟ್ಟಳು. ಬ್ರೆಡ್ಡು, ಹಾಲು ತಂದು ಅತ್ತೆಗೆ ಕೊಟ್ಟಳು. ಬಚ್ಚಲಿನಲ್ಲಿ ನಲ್ಲಿ ತೊಟ್ ತೊಟ್ ಎನ್ನುತ್ತಿತ್ತು.

"ಅವನಿದ್ದಿದ್ರೆ ಇಷ್ಟೊತ್ತಿಗೆ ಬಿಚ್ಚಿ ಹಾಕಿರ್ತಿದ್ದ" ಎಂದಳು ಅತ್ತೆ.

"ಜೋಡಿಸೋಕೆ ನಾಳೆ ಬರ್ತೀನಿ ಅಂತಿದ್ರು."

ಅತ್ತೆ ನಕ್ಕಳು. ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡಳು. ಸೊಸೆ ಎದ್ದು ಹೋಗಿ ನಲ್ಲಿಯ ಕೆಳಗೆ ಬಕೆಟು ಇಟ್ಟು, ಬಕೆಟಿನೊಳಗೆ ಒಂದು ಬಟ್ಟೆ ಹಾಕಿದಳು. ಸದ್ದು ನಿಂತಿತು.

ಬೆಳಿಗ್ಗೆ ಫೋನು ಬೊಗಳಿತು. ಅವಳು ಎತ್ತಿದಳು. ಟ್ಯಾಕ್ಸಿ ಬಂದಿತ್ತು.

ಆಪರೇಷನ್ ಸುಸೂತ್ರವಾಗಿ ಆಯಿತು. ಮಧ್ಯಾಹ್ನದ ಹೊತ್ತಿಗೆ ಅತ್ತೆ ಒಂದು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ರೂಮಿಗೆ ವಾಪಸಾದಳು. ನಾಳೆ ಬಿಚ್ಚುತ್ತಾರೆ, ಕಾಣುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಸೊಸೆಗೆ ಹೋದ ಜೀವ ಬಂದಂತಾಗಿತ್ತು. ಪಕ್ಕದ ಮಂಚದ ಮೇಲೆ ಕಾಲು ಚಾಚಿದಳು. ತಿಂಗಳುಗಟ್ಟಲೆ ಆದ ಮೇಲೆ ಹಗಲು ಹೊತ್ತಿನಲ್ಲಿ ಕಣ್ಣು ಎಳೆಯುತ್ತಿತ್ತು.

ಮತ್ತೆ ಫೋನು ಬೊಗಳಿತು. ಮ್ಯಾನೇಜರ ನಂಬರಲ್ಲ. ಒಂದು ಗಳಿಗೆ ಅದನ್ನು ನೋಡುತ್ತ ಕೂತಳು. ಎತ್ತಿದಳು.

"ಅಣ್ಣಾ, ನಮ್ಮ ಅಡಿಗೆಮನೆ ನಲ್ಲಿ ನಿಲ್ತಾನೇ ಇಲ್ಲ, ಸ್ವಲ್ಪ ಬರ್ತೀರಾ" ಎಂದಿತು ಯಾವುದೋ ಹೆಣ್ಣುದನಿ.

"ನಾನು ಅವರ ಹೆಂಡತಿ" ಎಂದಳು. "ಅವರು ತೀರಿಕೊಂಡ್ರಮ್ಮ. ಚಳಿಗಾಲದಲ್ಲಿ."

"ಅಯ್ಯೋ, ನಂಗೆ ಗೊತ್ತೇ ಇರಲಿಲ್ಲ ಅಕ್ಕಾ. ಎಷ್ಟು ಒಳ್ಳೆಯವರು. ನಮ್ಮತ್ತೆ ಜೊತೆ ಜಗಳ ಆಡಿ ಆಡಿಯೇ ಪೈಪು ಸರಿ ಮಾಡಿಕೊಟ್ಟಿದ್ರು."

"ಆಡ್ತಿದ್ರು" ಎಂದಳು ಇಸ್ತ್ರಿ ಅಕ್ಕ. "ಸದ್ಯಕ್ಕೆ ಬಕೆಟ್ ಇಟ್ಟು, ಒಳಗೊಂದು ಬಟ್ಟೆ ಹಾಕಿ. ಅವರ ಜೊತೆ ಕೆಲಸ ಮಾಡ್ತಿದ್ದವರೊಬ್ಬರು ಇದಾರೆ. ಸಂಜೆ ಅವರ ನಂಬರ್ ಕೊಡ್ತೀನಿ."

ಫೋನು ಇಟ್ಟಳು. ಅತ್ತೆ ಬಟ್ಟೆ ಕಟ್ಟಿದ ಕಣ್ಣನ್ನೇ ಇವಳ ಕಡೆ ತಿರುಗಿಸಿದ್ದಳು.

"ಯಾರೇ ಅದು?"

"ನಲ್ಲಿ ಸೋರ್ತಿದೆಯಂತೆ."

"ಹೇಳಿದ್ಯಾ?"

"ಹೇಳಿದೆ ಅತ್ತೆ."

ಅತ್ತೆ ಗೋಡೆಯ ಕಡೆ ಹೊರಳಿಕೊಂಡಳು. "ಸರಿ, ಮಲ್ಕೋ" ಎಂದಳು.

ಅವಳು ಮಲಗಿದಳು.