ಜೋಕಾಲಿಯ ಮೇಲಿಂದ ಕಾಣುವ ಬಸ್ಸು

ಮಗಳ ಕೈ ತೊಳೆಸುವಾಗ ಆ ವಾಸನೆ ಬಂತು. ಲಿಂಗಸುಗೂರಿನ ನಮ್ಮ ಓಣಿಯ ಪಾರ್ಕಿನಲ್ಲಿ ಸಂಜೆಯೆಲ್ಲ ಜೋಕಾಲಿಯ ಸರಪಳಿ ಹಿಡಿದು ಕೂತ ಕೈ ಅದು. ಬೆವರು, ಕಬ್ಬಿಣ, ಒಂದಿಷ್ಟು ತುಕ್ಕು. ಸಾಬೂನು ಹಚ್ಚಿ ತಿಕ್ಕಿದರೂ ಹೋಗಲಿಲ್ಲ. ನಾನು ಆ ಅಂಗೈಯನ್ನು ಮೂಗಿಗೆ ಹಿಡಿದುಕೊಂಡು ನಿಂತುಬಿಟ್ಟೆ. "ಏನ್ ಮಾಡಾಕತ್ತಿ ಮಮ್ಮಿ?" ಎಂದು ಅವಳು ಕೈ ಕಿತ್ತುಕೊಂಡಳು. ದಿನವಿಡೀ ನಾನು ಅವಳಿಗೆ ಮಮ್ಮಿ. ಬಿದ್ದು ಮೊಣಕಾಲು ಕೆತ್ತಿದಾಗ, ಹೆದರಿದಾಗ ಮಾತ್ರ ಅವ್ವ.

ಅದೇ ವಾಸನೆ ನನ್ನ ಕೈಗೂ ಇತ್ತು, ಸಿಂಧನೂರಿನಲ್ಲಿ. ನಮ್ಮ ಕಾಲೊನಿಯ ಪಾರ್ಕು ಮಸ್ಕಿ ಕಡೆಯ ರಸ್ತೆಗೆ ಹೊಂದಿಕೊಂಡಿತ್ತು. ಪಾರ್ಕು ಅಂದರೆ ಅಂಥಾದ್ದೇನಲ್ಲ. ಒಂದು ದೊಡ್ಡ ಬೇವಿನ ಮರ, ಸುತ್ತ ಮೆಹಂದಿ ಗಿಡದ ಬೇಲಿ, ಕೊಂಬು ಮುರಿದ ಸಿಮೆಂಟಿನ ಜಿಂಕೆ, ಕೂತರೆ ಚಡ್ಡಿ ಸುಡುವ ತಗಡಿನ ಜಾರುಬಂಡಿ, ಎರಡು ಕಬ್ಬಿಣದ ಜೋಕಾಲಿ. ನಡುವೆ ಒಂದು ಕಾರಂಜಿಯೂ ಇತ್ತು, ಅದು ಚಿಮ್ಮಿದ್ದನ್ನು ಕಂಡವರು ಮಾತ್ರ ಯಾರೂ ಸಿಗಲಿಲ್ಲ. ನಮಗೆ ಅಷ್ಟೇ ಸ್ವರ್ಗ. ಬ್ಯಾಸಗಿಯಲ್ಲಿ ಮನೆಯ ಗೋಡೆಗಳು ಒಲೆಯಾಗಿರುವಾಗ, ಮಾಲಿ ಪೈಪು ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದ. ನಾವು ಆ ಒದ್ದೆ ಹುಲ್ಲಿನಲ್ಲಿ ಬರಿಗಾಲಲ್ಲಿ ನಿಲ್ಲುತ್ತಿದ್ದೆವು. ಅವನು ಬೈಯುವಂತೆ ಮಾಡಿ ನಮ್ಮ ಕಾಲಿಗೂ ನೀರು ಹಾಯಿಸುತ್ತಿದ್ದ.

ನನ್ನನ್ನೂ ನನ್ನ ತಮ್ಮನನ್ನೂ ಅಲ್ಲಿಗೆ ಕರೆದೊಯ್ಯುತ್ತಿದ್ದವರು ಎದುರುಮನೆಯ ಅತ್ತಿ. ಬಳಗವೇನಲ್ಲ. ಆದರೆ ನಮ್ಮ ಕಡೆ ಎದುರುಮನೆಯವರು ಅತ್ತಿಯೋ ಕಾಕುವೋ ಆಗಲೇಬೇಕು, ಇಲ್ಲವಾದರೆ ಮೊಸರಿಗೆ ಹೆಪ್ಪು ಕೇಳಲು ನಾಲಿಗೆ ಏಳುವುದಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಅವರ ಗಂಡ, ನಮಗೆ ಮಾವ, ರೈಸ್ ಮಿಲ್ಲಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ನಾಲ್ಕಾಯಿತೆಂದರೆ ಅತ್ತಿ ಮುಖ ತೊಳೆದು, ಸೆರಗು ಸಿಕ್ಕಿಸಿ, ನಮ್ಮ ಬಾಗಿಲಲ್ಲಿ ನಿಂತು "ಬರ್ರೆಲೇ ಭೂತಗೋಳ್ಯಾ" ಎಂದು ಕೂಗುತ್ತಿದ್ದರು. ಅವ್ವನಿಗೆ ಭೂತಗಳ ಕಾಟ ತಪ್ಪಿದರೆ ಸಾಕಾಗಿತ್ತು.

ಅತ್ತಿ ನಮ್ಮನ್ನು ಜೋಕಾಲಿಯಲ್ಲಿ ಕೂಡಿಸಿ ತಳ್ಳುತ್ತಿದ್ದರು. ಬೇರೆಯವರು ತಳ್ಳಿದ ಹಾಗಲ್ಲ. ಹೊಟ್ಟೆಯೊಳಗೆ ಜುಮ್ಮೆನ್ನಬೇಕು, ಹಾಗೆ. ಜೋಕಾಲಿ ಪೂರ್ತಿ ಮೇಲೇರಿದಾಗ ಬೇಲಿಯಾಚೆಯ ಬಸ್ ಸ್ಟಾಪು ಒಂದು ಗಳಿಗೆ ಕಾಣುತ್ತಿತ್ತು. ಅತ್ತಿ ಕೆಳಗಿನಿಂದ ಕೇಳುತ್ತಿದ್ದರು.

"ಬಸ್ ಕಾಣ್ತದೇನಬೇ?"

"ಕಾಣ್ತದ!"

"ಯಾರಿಳಿದ್ರು?"

ನನಗಿಂತ ನನ್ನ ತಮ್ಮನ ಕಣ್ಣು ಚುರುಕು, ಗಂಟಲು ಅದಕ್ಕಿಂತ ಚುರುಕು. ಇಡೀ ಪಾರ್ಕಿಗೆ ಕೇಳುವ ಹಾಗೆ ವರದಿ ಒಪ್ಪಿಸುತ್ತಿದ್ದ. ಬುಟ್ಟಿ ಹೊತ್ತ ಮುದುಕಿ, ಕೋಳಿ ಹಿಡಿದವ, ಸೈಕಲ್ ಟಯರ್ ಕೊರಳಿಗೆ ಹಾಕ್ಕೊಂಡವ. ಅತ್ತಿ ನಗುತ್ತಿದ್ದರು. "ಹಳದಿ ಪಟಗಾ ಸುತ್ತಿದಾವ ಯಾರರ ಇಳಿದ್ರೇನಲೇ?" ಎಂದು ಕೊನೆಗೆ ಕೇಳುತ್ತಿದ್ದರು. ಯಾರೂ ಇಲ್ಲ ಎಂದರೆ "ಮತ್ತೊಮ್ಮಿ ನೋಡು" ಎಂದು ಇನ್ನೂ ಜೋರಾಗಿ ತಳ್ಳುತ್ತಿದ್ದರು. ನಮಗೆ ಅದು ಆಟ. ಇನ್ನಷ್ಟು ಎತ್ತರಕ್ಕೆ ಹೋಗುವ ಆಸೆಗೆ ನಾವು ಯಾರೂ ಇಲ್ಲ, ಯಾರೂ ಇಲ್ಲ ಎಂದು ಕುಣಿದು ಹೇಳುತ್ತಿದ್ದೆವು...

ತಲೆಗೆ ಹಳದಿ ರುಮಾಲು ಸುತ್ತುವ ಆ ಪಟಗದವ ಅತ್ತಿಯ ಅಣ್ಣ ಎಂಬುದು ನನಗೆ ಅವ್ವನ ಬಾಯಿಂದ ಗೊತ್ತಾಯಿತು. ಅತ್ತಿಯ ತವರು ಸಂತೆಕಲ್ಲೂರು. ಈ ಕಾಲೊನಿಯಲ್ಲಿ ಮನೆ ಕಟ್ಟಿಸಿ ಮನೆ ಶಾಂತಿ ಮಾಡಿದ ದಿನ, ಬಂದ ಬೀಗರಿಗೆಲ್ಲ ಬಟ್ಟೆ ಕೊಟ್ಟು ಆಯೇರಿ ಮಾಡಿದ್ದಾರೆ. ಮೊದಲ ಆಯೇರಿ ಹೆಣ್ಣಿನ ಅಣ್ಣನಿಗೆ ಸಲ್ಲಬೇಕು. ಗದ್ದಲದಲ್ಲಿ ಅತ್ತಿಯ ಮೈದುನ ಮಿಲ್ಲಿನ ಮಾಲೀಕರನ್ನು ಮೊದಲು ಕೂಡಿಸಿದ, ಆಮೇಲೆ ಇನ್ಯಾರನ್ನೋ. ಅಣ್ಣನ ಸರದಿ ಬಂದಾಗ ಅವನು ಕೂತಿದ್ದ ಜಾಗ ಖಾಲಿ. ಉಣ್ಣದೆ ಎದ್ದು ಹೋಗಿದ್ದ. ತಂಗಿಯ ಮನೆಯಿಂದ ಉಣ್ಣದೆ ಹೋದವನು ಮತ್ತೆ ಆ ಹೊಸ್ತಿಲು ತುಳಿಯುವುದೆಂದರೇನು ಸುಮ್ಮನೆಯೇ? ಮಾವ ಹೋಗಿ ಕೈ ಮುಗಿದು ಬಂದರೂ ಸಿಟ್ಟು ಇಳಿಯಲಿಲ್ಲ. ಅಣ್ಣ ಕರೆಯದೆ ಅತ್ತಿ ತವರಿಗೆ ಹೋಗುವಂತಿರಲಿಲ್ಲ.

ಎಲ್ಲ ದಿನ ಹೇಗೋ ಕಳೆಯುತ್ತಿದ್ದರು. ನಾಗರ ಪಂಚಮಿ ಹತ್ತಿರ ಬಂದರೆ ಮಾತ್ರ ಅತ್ತಿ ಅತ್ತಿಯಾಗಿ ಉಳಿಯುತ್ತಿರಲಿಲ್ಲ. ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಕರೆದೊಯ್ಯಬೇಕು, ತವರಲ್ಲಿ ಜೋಕಾಲಿ ಜೀಕಬೇಕು. ನಮ್ಮ ಓಣಿಯ ಸೊಸೆಯಂದಿರೆಲ್ಲ ಒಬ್ಬೊಬ್ಬರಾಗಿ ಚೀಲ ಹಿಡಿದು ಬಸ್ ಹತ್ತುತ್ತಿದ್ದರು. ಅತ್ತಿ ಶೇಂಗಾ ಉಂಡಿ, ಎಳ್ಳುಂಡಿ ಎಲ್ಲ ಕಟ್ಟಿ ಡಬ್ಬಿ ತುಂಬಿಸಿ, ಹಬ್ಬದ ದಿನ ಮನೆ ಬಿಟ್ಟು ಕದಲುತ್ತಿರಲಿಲ್ಲ. ಬಂದವನಿಗೆ ಕೀಲಿ ಹಾಕಿದ ಬಾಗಿಲು ಕಾಣಬಾರದೆಂದು. ಪಾರ್ಕಿನ ಜೋಕಾಲಿಯಲ್ಲೂ ಅವರು ಒಂದು ದಿನವೂ ಕೂತವರಲ್ಲ. "ನಾ ತವರಮನ್ಯಾಗ ಕುಂದರತೀನಿ ಬಿಡ್ರೆ" ಎನ್ನುತ್ತಿದ್ದರು.

ನಮ್ಮದು ಆರ್‌ಸಿಸಿ ಮನೆಗಳು, ಹಗ್ಗ ಕಟ್ಟಲು ಒಂದು ತೊಲೆಯೂ ಇಲ್ಲ. ಹಾಗಾಗಿ ಊರಲ್ಲೇ ಉಳಿದ ಹೆಂಗಸರು ಪಂಚಮಿಯ ದಿನ ಪಾರ್ಕಿನ ಬೇವಿನ ಮರಕ್ಕೆ ಹಗ್ಗ ಕಟ್ಟಿಸಿ ಜೀಕುತ್ತಿದ್ದರು. ಒಂದು ವರ್ಷ ಅವ್ವ ಹಟ ಹಿಡಿದಳು. ಅತ್ತಿಯ ಬಾಗಿಲಲ್ಲಿ ನಿಂತು ಹೇಳಿದಳು:

"ಬಾಗಲಾ ತೆರದಿಡ್ರಿ, ಒಂದ್ ತಂಬಿಗಿ ನೀರಿಡ್ರಿ. ಬಂದ್ರ ಕುಡದು ಕುಂದರತಾರ. ಎಷ್ಟಂತ ಹೊಚ್ಚಲಾ ಕಾಯ್ತೀರಿ?"

ಅತ್ತಿ ಒಳಗೆ ಹೋಗಿ ತಂಬಿಗೆಗೆ ನೀರು ತುಂಬಿದರು. ಆಮೇಲೆ ನಿಜವಾಗಿಯೂ ಬಾಗಿಲು ಪೂರ್ತಿ ತೆರೆದು, ಹೊಸ್ತಿಲ ಪಕ್ಕ ತಂಬಿಗೆ ಇಟ್ಟು ಬಂದರು.

ಮೊದಲು ಬೇವಿನ ಮರದ ಕೆಳಗೆ ಮುದುಡಿ ಕೂತರು. ಯಾರ‍್ಯಾರೋ ಜೀಕಿದರು, ಜೋಳದ ಅಳ್ಳು, ಉಂಡಿ ಹಂಚಿದರು. ಕೊನೆಗೆ ಅವ್ವ ಕೈ ಹಿಡಿದು ಎಳೆದಳು. ಮಣೆಯ ಮೇಲೆ ಅವ್ವ ಈ ಕಡೆ, ಅತ್ತಿ ಆ ಕಡೆ, ಎದುರುಬದುರು ನಿಂತರು. ಅತ್ತಿ ಹಗ್ಗ ಹಿಡಿದ ಮೇಲೆ ಬೇರೆಯೇ ಆಗಿಬಿಟ್ಟರು. ಮೊಣಕಾಲು ಬಗ್ಗಿಸಿ ಒಂದು ಒತ್ತು ಕೊಟ್ಟರೆ ಟೊಂಗೆ ಕರಕರ ಅನ್ನುತ್ತಿತ್ತು, ತುರುಬು ಬಿಚ್ಚಿತು, ಬಳೆ ಸದ್ದಾದವು. ನನ್ನ ಅವ್ವ ಅಷ್ಟು ಹೆದರಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಅತ್ತಿ ಮೇಲೆ ಹೋಗುತ್ತಿದ್ದರು, ಬೇಲಿಯಾಚೆ ನೋಡುತ್ತಿದ್ದರು, ಕೆಳಗೆ ಬರುತ್ತಿದ್ದರು.

ಒಮ್ಮೆಲೇ ಕೂಗಿದರು. "ಯಕ್ಕಾ, ನಿಲ್ಲಸು! ನಿಲ್ಲಸು ಯಕ್ಕಾ!"

ಅವ್ವ ತನ್ನಂತೆಯೇ ಇವರಿಗೂ ಹೆದರಿಕೆ ಆಯಿತೆಂದುಕೊಂಡು, "ಏನೂ ಆಗಂಗಿಲ್ರಿ, ಗಟ್ಟಿ ಹಿಡೀರಿ" ಎಂದು ಧೈರ್ಯ ಹೇಳತೊಡಗಿದಳು. ಜೋಕಾಲಿ ಹೇಳಿದ ತಕ್ಷಣ ನಿಲ್ಲುತ್ತದೆಯೇ? ಮತ್ತೆ ಮೇಲೆ ಹೋಯಿತು, ಮತ್ತೆ ಇಳಿಯಿತು. ಅತ್ತಿ ಅಷ್ಟೂ ಸಲ ರಸ್ತೆ ನೋಡುತ್ತ ಅಳುತ್ತಿದ್ದರು, ನಗುತ್ತಿದ್ದರು. ಪೂರ್ತಿ ನಿಲ್ಲುವ ಮೊದಲೇ ಹಾರಿದರು, ಬಿದ್ದರು, ಎದ್ದರು, ಬರಿಗಾಲಲ್ಲಿ ಗೇಟಿನ ಕಡೆ ಓಡಿದರು.

ನಾವೂ ಬೆನ್ನು ಹತ್ತಿದೆವು. ಹಳದಿ ಪಟಗವನ್ನು ಹುಡುಕುತ್ತಿದ್ದೆವು. ಪಟಗವೇ ಇರಲಿಲ್ಲ. ತಲೆ ನರೆತ, ಕುಳ್ಳ, ಕೈಯಲ್ಲಿ ವೈರಿನ ಚೀಲ ಹಿಡಿದ ಒಬ್ಬ ಸಾದಾ ಮನುಷ್ಯ ಅತ್ತಿಯ ಮನೆಯ ತೆರೆದ ಬಾಗಿಲ ಮುಂದೆ ನಿಂತಿದ್ದ. ಒಳಗೆ ಹೋಗಲೋ ಬೇಡವೋ ಎನ್ನುವಂತೆ ತಂಬಿಗೆಯನ್ನೇ ನೋಡುತ್ತಿದ್ದ. ನಾವು ಅಷ್ಟು ದಿನ ಹುಡುಕಿದ್ದು ಇವನನ್ನೇ ಎಂದು ನನ್ನ ತಮ್ಮನಿಗೆ ಭಾರಿ ನಿರಾಸೆಯಾಯಿತು.

ಅತ್ತಿ ತಂಬಿಗೆ ಎತ್ತಿ ಕೈಗೆ ಕೊಟ್ಟರು. ಅವನು ಕುಡಿದು, ಬಾಯಿ ಒರೆಸಿಕೊಂಡು ಹೇಳಿದ: "ಈ ವರ್ಷ ಮಗಳ ಮೊದಲ್ನೇ ಪಂಚಮಿ. ಕರಿಯಾಕ ಹೋಗಿದ್ನವ್ವಾ. ನನ್ನ ನೋಡಿ ಓಡಿ ಬಂದ್ಳು... ದಾರ್ಯಾಗ ನೀ ನೆನಪಾದಿ."

"ಮೊದಲ ಉಣ್ಣು," ಎಂದರು ಅತ್ತಿ. "ಉಂಡ ಮ್ಯಾಲ ಹೋಗೂನು."

ಅವನು ಉಂಡ. ಓಣಿಯ ಹೆಂಗಸರೆಲ್ಲ ಒಂದಲ್ಲ ಒಂದು ನೆಪ ಮಾಡಿಕೊಂಡು ಹೋಗಿ ಅವನು ಉಣ್ಣುವುದನ್ನು ನೋಡಿ ಬಂದರು. ಸಂಜೆಯ ಬಸ್ಸಿಗೆ ಅಣ್ಣತಂಗಿ ಹೊರಟರು. ಅತ್ತಿಯ ಚಪ್ಪಲಿ ಬೇವಿನ ಮರದ ಕೆಳಗೇ ಇದ್ದವು. ಅವ್ವ ಮನೆಗೆ ತಂದು ಇಟ್ಟಳು. ಹಳೆ ಚಪ್ಪಲಿ ಬಿಟ್ಟು ಬರಿಗಾಲಲ್ಲೇ ತವರಿಗೆ ಹೋದರಲ್ಲ ಎಂದು ಅವ್ವ ಎಷ್ಟೋ ದಿನ ಹೇಳಿಕೊಂಡು ನಗುತ್ತಿದ್ದಳು.

ಮರುವರ್ಷ ಮಾವನಿಗೆ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸವಾಗಿ ಅವರು ಅಲ್ಲಿಯ ಕ್ವಾರ್ಟರ್ಸಿಗೆ ಹೋದರು. ಪಾರ್ಕಿನಲ್ಲಿ ನಾವು ಒಬ್ಬರನ್ನೊಬ್ಬರು ತಳ್ಳಿಕೊಂಡೆವು, ಬಸ್ಸೂ ಕಾಣುತ್ತಿತ್ತು. ಕೇಳುವವರೇ ಇರಲಿಲ್ಲ. ಅತ್ತಿ ತೀರಿಕೊಂಡ ಸುದ್ದಿ ನಮಗೆ ಮುಟ್ಟಿದ್ದು ಎಲ್ಲ ಕಾರ್ಯ ಮುಗಿದ ಮೇಲೆ. ಹಟ್ಟಿ ಇಲ್ಲಿಂದ ಎಷ್ಟು ದೂರ? ಹೋಗಬಹುದಿತ್ತು, ನೋಡಬಹುದಿತ್ತು... ಬದುಕಿನಲ್ಲಿ ಹತ್ತಿರದ ಊರುಗಳೇ ಹೀಗೆ ಉಳಿದುಬಿಡುತ್ತವೆ.

ನನ್ನ ಮದುವೆಯಾಗಿ ಲಿಂಗಸುಗೂರಿಗೆ ಬಂದ ಮೇಲೆ ಪಂಚಮಿಗೆ ನನ್ನನ್ನು ಕರೆಯಲು ತಮ್ಮ ಬರುತ್ತಿದ್ದ. ಗಾಡಿ ಕೊಂಡ ಮೇಲೂ ಬಸ್ಸಿಗೇ ಬರುತ್ತಿದ್ದ, ಪುಣ್ಯಾತ್ಮ. ಓಣಿಯ ತುದಿಯಿಂದಲೇ, ಚಿಕ್ಕವನಿದ್ದಾಗಿನ ಅದೇ ಗಂಟಲಲ್ಲಿ, "ಯಕ್ಕಾ, ಬಸ್ ಬಂತು! ಯಾರಿಳಿದ್ರು ನೋಡು!" ಎಂದು ಕೂಗುತ್ತಿದ್ದ. ಅಕ್ಕಪಕ್ಕದವರ ಮುಂದೆ ನನಗೆ ನಾಚಿಕೆಯಾಗುತ್ತಿತ್ತು. ಬಾಗಿಲಿಗೆ ಬರುವ ಮೊದಲೇ ನನ್ನ ಚೀಲ ಸಿದ್ಧವಿರುತ್ತಿತ್ತು.

ಹೋದ ಪಂಚಮಿಗೆ ಅವನು ಬರಲಿಲ್ಲ. ಅದಕ್ಕೂ ಮೊದಲೇ, ಊಟಕ್ಕೆ ಕೂತವನು ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ. ನನಗಿಂತ ಚಿಕ್ಕವನು.

ಈ ಸಲದ ಪಂಚಮಿಗೆ ಇನ್ನು ಒಂದು ವಾರ. ಮಗಳ ಕೈ ತೊಳೆಸಿದ ಮರುದಿನ ನಾನೇ ಅವಳನ್ನು ಪಾರ್ಕಿಗೆ ಕರೆದೊಯ್ದೆ. ಚೆಂದದ ಪಾರ್ಕು. ಬಣ್ಣಬಣ್ಣದ ಆಟದ ಸಾಮಾನು, ನಡೆಯಲು ಕಲ್ಲು ಹಾಸಿದ ದಾರಿ, ಕುಡಿಯುವ ನೀರಿನ ನಳ, ಸಂಜೆಗೆ ದೀಪ. ಬೇಲಿಯಾಚೆ ಸಿಂಧನೂರಿನ ಬಸ್ಸು ಬಂದು ನಿಲ್ಲುವ ಜಾಗ. ಮಗಳನ್ನು ಕೂಡಿಸಿ ತಳ್ಳಿದೆ. ಹೊಟ್ಟೆಯಲ್ಲಿ ಜುಮ್ಮೆನ್ನುವ ಹಾಗೆ ತಳ್ಳಿದೆ. ಆಚೆ ಬಸ್ಸಿನ ಸದ್ದಾಯಿತು. ಕೇಳಬಾರದು ಅಂದುಕೊಂಡಿದ್ದೆ.

"ಬಸ್ ಕಾಣ್ತದೇನಬೇ?"

"ಕಾಣ್ತದ!"

"ಯಾರಿಳಿದ್ರು?"

ಅವಳು ಕೆಳಗೆ ಬಂದಳು, ನನ್ನ ಮುಖ ನೋಡಿದಳು, ಮತ್ತೆ ಮೇಲೆ ಹೋದಳು. ಅಲ್ಲಿಂದ ಸಣ್ಣ ದನಿಯಲ್ಲಿ ಹೇಳಿದಳು: "ಯಾರೂ ಇಳೀಲಿಲ್ಲವ್ವಾ."

"ಮತ್ತೊಮ್ಮಿ ನೋಡು" ಎಂದು ನಾನು ಇನ್ನೂ ಜೋರಾಗಿ ತಳ್ಳಿದೆ.